ಕಮಿಟಿ ಕಟ್ಟಿಕೊಟ್ಟ ಸಂಸಾರ

ಬಾಸೆಲ್ ಮಿಶನ್ನಿನ ಚರಿತ್ರೆಯನ್ನು ನಾವು ಆರೇಳು ಗಂಡಸರ ಹೆಸರು ಹೇಳಿ ಮುಗಿಸುವುದು ರೂಢಿ. 1834ರ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಬಂದ ಹೆಬಿಕ್, ಲೇನರ್, ಗ್ರೈನರ್, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್, ತಲಶ್ಶೇರಿಯ ಗುಂಡರ್ಟ್, ನಿಘಂಟಿನ ಕಿಟ್ಟೆಲ್, ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹೂಡಿದ ಪ್ಲೆಬ್ಸ್ಟ್. ಅಚ್ಚುಕೂಟ, ಹೆಂಚು, ನಿಘಂಟುಗಳ ವಿಷಯವನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ನನ್ನ ಪಾಲಿಗೆ ಬಂದದ್ದು ಮನೆವಾರ್ತೆ. ಇದು ಸಣ್ಣ ಪಾಲಲ್ಲ. ಮಂಗಳೂರು, ಧಾರವಾಡದಂಥ ಪಟ್ಟಣಗಳನ್ನು ದಾಟಿ ಮೂಲ್ಕಿ, ಉಡುಪಿ, ಬೆಟಗೇರಿ, ಗುಳೇದಗುಡ್ಡ, ಕೊಡಗಿನ ಕಾಡಂಚಿನವರೆಗೆ ಸಭೆಗಳು ಹಬ್ಬಿದ ಬಗೆಯನ್ನು ಹಿಡಿಯಬೇಕಾದರೆ ಮದುವೆ, ಬಾಣಂತನ, ಮಕ್ಕಳು, ಆಸ್ತಿ, ಅಡಿಗೆಮನೆಗಳ ಕಡೆಯಿಂದಲೇ ಹೋಗಬೇಕು. ಬೋಧನೆ ಮಾಡಲು ಊರೂರು ತಿರುಗುವ ಪಾದ್ರಿ ಸಾಕು. ಸಭೆ ನಿಲ್ಲಬೇಕಾದರೆ ಅಲ್ಲಿ ಒಲೆ ಉರಿಯುವ ಮನೆಯೊಂದು ಇರಬೇಕಾಗಿತ್ತು.

ಬಾಸೆಲ್ಲಿನ ಆಡಳಿತಗಾರರಿಗೆ ಇದು ಚೆನ್ನಾಗಿ ತಿಳಿದಿತ್ತು. ಹಾಗಾಗಿಯೇ ಅವರು ಮನೆಯನ್ನು ಯಾರ ಇಷ್ಟಕ್ಕೂ ಬಿಡಲಿಲ್ಲ. ಮಿಶನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅಲ್ಲಿನ ಸೆಮಿನರಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗ್ ಕಡೆಯ ರೈತರ, ಕೈಕಸುಬುದಾರರ ಮಕ್ಕಳು. ಅವಿವಾಹಿತರಾಗಿಯೇ ಸೇರಬೇಕು, ಅವಿವಾಹಿತರಾಗಿಯೇ ಹಡಗು ಹತ್ತಬೇಕು. ಹೊರದೇಶದಲ್ಲಿ ಎರಡು ವರ್ಷ ದುಡಿದು, ಭಾಷೆ ಕಲಿತು, ತಾನು ಈ ಕೆಲಸಕ್ಕೆ ತಾಳುತ್ತೇನೆಂದು ತೋರಿಸಿಕೊಟ್ಟ ಮೇಲೆ ಮದುವೆಯ ಅನುಮತಿ ಕೋರಿ ಬಾಸೆಲ್ಲಿನ ಆಡಳಿತ ಕಮಿಟಿಗೆ ಕಾಗದ ಬರೆಯಬಹುದು. ಹುಡುಗಿ ಯಾರೆಂದು ಆತನೇ ಸೂಚಿಸಬಹುದು. ಗುರುತಿನವರು ಯಾರೂ ಇಲ್ಲದಿದ್ದರೆ ಕಮಿಟಿಯೇ ಹುಡುಕಿಕೊಡುತ್ತಿತ್ತು. ಎರಡರಲ್ಲೂ ಕೊನೆಯ ಮಾತು ಕಮಿಟಿಯದೇ. ಹುಡುಗಿಯ ಭಕ್ತಿ, ಆರೋಗ್ಯ, ಮನೆತನ, ನಡತೆಗಳನ್ನು ಊರಿನ ಪಾದ್ರಿಯ ಮೂಲಕ ವಿಚಾರಿಸಿ, ಒಪ್ಪಿಗೆಯಾದರೆ ಮಾತ್ರ ಹೆಣ್ಣು ಹಡಗು ಹತ್ತುತ್ತಿದ್ದಳು.

ಜಾತಕ ನೋಡಿ, ಗೋತ್ರ ಕೇಳಿ, ಹಿರಿಯರು ಕೂತು ನಿಶ್ಚಯಿಸುವ ಮದುವೆಗಳ ನಾಡಿನಲ್ಲಿ ಕುಳಿತ ನಮಗೆ ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಒಂದು ವ್ಯತ್ಯಾಸವುಂಟು. ನಮ್ಮಲ್ಲಿ ಹಿರಿಯರು ಮನೆಯವರು. ಅಲ್ಲಿ ಹಿರಿಯತನ ಮಾಡಿದ್ದು ಒಂದು ಸಂಸ್ಥೆ. ವರನ ಮುಖವನ್ನು ಮೊದಲ ಸಲ ಬಂದರುಕಟ್ಟೆಯಲ್ಲಿ ಕಂಡ ಹೆಣ್ಣುಮಕ್ಕಳಿದ್ದರು. ಕೈಯಲ್ಲಿ ಆತ ಬರೆದ ಒಂದೆರಡು ಕಾಗದ, ಮುಂದೆ ಫೋಟೋ ಬಂದ ಕಾಲಕ್ಕೆ ಒಂದು ಫೋಟೋ. 1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ತನಕ ಪೂರ್ತಿ ಕಡಲದಾರಿಯಲ್ಲಿ ಬರುವ ಹಡಗು ಆಫ್ರಿಕವನ್ನು ಸುತ್ತಿ ಬರಬೇಕಿತ್ತು. ಆ ಪಯಣಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಇಳಿದ ಕೆಲವೇ ದಿನಗಳಲ್ಲಿ ಮದುವೆ. ಆಮೇಲೆ ಮಂಚಲಿನಲ್ಲೋ ಎತ್ತಿನ ಗಾಡಿಯಲ್ಲೋ ಗಂಡನ ಮಿಶನ್ ಠಾಣೆಗೆ. ಈ ವಧುಗಳ ಕಾಗದಪತ್ರಗಳನ್ನು ಹುಡುಕಿ ಜರ್ಮನಿಯ ಸಂಶೋಧಕಿ ಡಾಗ್ಮಾರ್ ಕೋನ್ರಾಡ್ 2001ರಲ್ಲಿ ‘ಮಿಶನ್ಸ್‌ಬ್ರಾಯ್ಟೆ’ (ಮಿಶನ್ ವಧುಗಳು) ಎಂಬ ಪುಸ್ತಕವನ್ನೇ ಪ್ರಕಟಿಸಿದರು. ಅಲ್ಲಿಯವರೆಗೆ ಇವರಲ್ಲಿ ಬಹುಪಾಲು ಹೆಂಗಸರು ಗಂಡಂದಿರ ಜೀವನಚರಿತ್ರೆಗಳಲ್ಲಿ ಒಂದೊಂದು ಸಾಲಾಗಿ ಉಳಿದಿದ್ದರು.

ಕಿಟ್ಟೆಲ್ ಅವರದನ್ನೇ ನೋಡಿ. ಅವರು ಕನ್ನಡನಾಡಿಗೆ ಬಂದದ್ದು 1853ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ. 1860ರಲ್ಲಿ ಪೌಲಿನೆ ಐತ್ ಅವರೊಡನೆ ಮದುವೆ. ನಾಲ್ಕೇ ವರ್ಷಕ್ಕೆ, 1864ರಲ್ಲಿ, ಪೌಲಿನೆ ತೀರಿಕೊಂಡರು. 1867ರಲ್ಲಿ ಪೌಲಿನೆಯ ತಂಗಿ ಯೂಲಿಯೆ ಆ ಮನೆ ತುಂಬಿದರು. ಅಕ್ಕನ ಮಕ್ಕಳಿಗೆ ಚಿಕ್ಕಮ್ಮನೇ ತಾಯಾಗುವುದು ನಮ್ಮಲ್ಲೂ ಉಂಟಷ್ಟೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಬಂದ, ಎಪ್ಪತ್ತು ಸಾವಿರದಷ್ಟು ಪದಗಳ ನಿಘಂಟಿನ ಹಿಂದೆ ಇಂಥದೊಂದು ಸಂಸಾರವಿತ್ತು. ನಾವು ಕಿಟ್ಟೆಲ್ ಅವರ ಪ್ರತಿಮೆಗೆ ಹಾರ ಹಾಕುತ್ತೇವೆ, ಸರಿಯೇ; ಐತ್ ಅಕ್ಕತಂಗಿಯರ ಹೆಸರನ್ನು ಮಾತ್ರ ಯಾವ ಸಭೆಯಲ್ಲೂ ನಾನು ಕೇಳಿಲ್ಲ.

ಎಲ್ಲರೂ ಕಮಿಟಿಯ ದಾರಿಯಲ್ಲೇ ನಡೆದರೆಂದಲ್ಲ. ಹೆಬಿಕ್ ಕೊನೆಯವರೆಗೂ ಮದುವೆಯಾಗಲಿಲ್ಲ. ಗುಂಡರ್ಟ್ ಭಾರತಕ್ಕೆ ಬಂದದ್ದೇ ಬಾಸೆಲ್ಲಿನ ಮೂಲಕವಲ್ಲ, ಆಂಥನಿ ನಾರಿಸ್ ಗ್ರೋವ್ಸ್ ಎಂಬವರ ತಂಡದಲ್ಲಿ. ಆ ತಂಡದಲ್ಲಿಯೇ ಇದ್ದ, ಫ್ರೆಂಚ್ ಮಾತಾಡುವ ಸ್ವಿಸ್ ಹುಡುಗಿ ಜೂಲಿ ದ್ಯುಬುವಾ ಅವರನ್ನು 1838ರಲ್ಲಿ ಚಿತ್ತೂರಿನಲ್ಲಿ ಮದುವೆಯಾಗಿ, ಆಮೇಲೆ ಬಾಸೆಲ್ ಮಿಶನ್ ಸೇರಿದರು. 1839ರಲ್ಲಿ ದಂಪತಿಗಳು ತಲಶ್ಶೇರಿ ಬಳಿಯ ಇಲ್ಲಿಕ್ಕುನ್ನಿನಲ್ಲಿ ನೆಲೆನಿಂತರು. ಗಂಡನ ಮಲಯಾಳ ನಿಘಂಟು, ವ್ಯಾಕರಣಗಳು ಕೇರಳದಲ್ಲಿ ಮನೆಮಾತು. ಜೂಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದರು. ಶಾಲೆಯೆಂದರೆ ಬರೀ ಅಕ್ಷರವಲ್ಲ. ಊಟ, ವಸತಿ, ಹೊಲಿಗೆ, ಕಾಯಿಲೆ ಬಿದ್ದರೆ ಆರೈಕೆ ಎಲ್ಲ ಅಲ್ಲೇ. ಕನ್ನಡ, ತುಳು ಸೀಮೆಯ ಠಾಣೆಗಳಲ್ಲೂ ಮಿಶನರಿಯ ಹೆಂಡತಿಯ ದಿನಚರಿ ಹೆಚ್ಚುಕಡಿಮೆ ಇದೇ ಆಗಿತ್ತು. ಜನ ಆಕೆಯನ್ನು ದೊರೆಸಾನಿ ಎಂದು ಕರೆದರೂ ಲೆಕ್ಕದ ಪುಸ್ತಕದಲ್ಲಿ ಆಕೆಗೆ ಸಂಬಳವಿಲ್ಲ. ಗಂಡನ ಹೆಸರಿನಲ್ಲೇ ಇಬ್ಬರ ದುಡಿಮೆಯೂ ಮುಗಿಯಿತು. ಬೋರ್ಡಿಂಗಿನ ಹುಡುಗಿಯರ ಅಕ್ಕಿಯಿಂದ ಹಿಡಿದು ಉಪದೇಶಿಯ ಹೆಂಡತಿಯ ಹೆರಿಗೆಯವರೆಗೆ ಆಕೆಯ ಮೇಲೆಯೇ ಬೀಳುತ್ತಿತ್ತು, ಗಂಡ ಸರ್ಕೀಟು ಹೋದಾಗ ಠಾಣೆಯೂ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಸಭೆಗಳ ಬೆಳವಣಿಗೆಯ ಗುಟ್ಟು ಬಹಳ ಮಟ್ಟಿಗೆ ಇದರಲ್ಲೇ ಅಡಗಿದೆ ಎಂದು ನನ್ನ ಎಣಿಕೆ. ಬೋರ್ಡಿಂಗ್ ಶಾಲೆಯ ಹುಡುಗಿಯರು ದೊಡ್ಡವರಾದ ಮೇಲೆ ಎಲ್ಲಿಗೆ ಹೋಗಬೇಕು? ಸೆಮಿನರಿಯಲ್ಲಿ ಓದಿದ ಉಪದೇಶಿ, ಮಾಸ್ತರರಿಗೆ ಹೆಣ್ಣು ಯಾರು ಕೊಡಬೇಕು? ಹಳೆಯ ಬಂಧುಗಳು ಇಬ್ಬರಿಗೂ ಬಾಗಿಲು ಮುಚ್ಚಿದ್ದಾರೆ. ಹಾಗಾಗಿ ದೊರೆಸಾನಿಯವರು, ಪಾದ್ರಿಯವರು ಕೂತು ಜೋಡಿ ಕೂಡಿಸಿದರು. ಬಾಸೆಲ್ಲಿನ ಕಮಿಟಿ ತನ್ನ ಹುಡುಗರಿಗೆ ಏನು ಮಾಡುತ್ತಿತ್ತೋ ಅದನ್ನೇ ಇಲ್ಲಿ ಆ ಹುಡುಗರ ಹೆಂಡತಿಯರು ನಮ್ಮ ಹುಡುಗರಿಗೆ ಮಾಡಿದರು. ಹೊರಠಾಣೆಯೊಂದಕ್ಕೆ ಉಪದೇಶಿಯನ್ನು ಕಳಿಸುವುದೆಂದರೆ ಓದುಬರಹ ಬಲ್ಲ ಗಂಡಹೆಂಡಿರನ್ನು ಕಳಿಸಿದಂತೆ. ಗಂಡ ಸಂತೆಯಲ್ಲಿ ಮಾತಾಡಿದರೆ ಹೆಂಡತಿ ಬಾವಿಕಟ್ಟೆಯಲ್ಲಿ, ಹಿತ್ತಲಲ್ಲಿ ಮಾತಾಡುತ್ತಿದ್ದಳು. ಗಂಡಸು ಕಾಲಿಡಲಾಗದ ಒಳಮನೆಗಳಿಗೆ ಆಕೆ ಹೋಗುತ್ತಿದ್ದಳು. ಬೈಬಲ್ ವುಮನ್ ಎಂಬ ಹುದ್ದೆ ಕಾಗದದ ಮೇಲೆ ಬರುವ ಮುಂಚೆಯೇ ಆ ಕೆಲಸ ಹೀಗೆ ನಡೆದಿತ್ತು.

ಮಿಶನರಿ ಮನೆಯ ಕಷ್ಟಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಮಕ್ಕಳ ವಿಷಯ. ಜ್ವರ, ಭೇದಿ, ಕಾಲರಾಗಳ ಕಾಲ. ಹಳೆಯ ಠಾಣೆಗಳ ಸ್ಮಶಾನಗಳಲ್ಲಿ ಕಲ್ಲಿನ ಮೇಲಿನ ಹೆಸರು ಓದುತ್ತ ಹೋದರೆ ಎರಡು ದಿನಾಂಕಗಳ ನಡುವೆ ತಿಂಗಳುಗಳಷ್ಟೇ ಇರುವುದು ಕಾಣುತ್ತದೆ. ಬದುಕಿ ಉಳಿದ ಮಕ್ಕಳನ್ನೂ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಮಿಶನ್ನಿನ ಮುಖ್ಯಸ್ಥರಾದ ಇನ್‌ಸ್ಪೆಕ್ಟರ್ ಯೋಸೆನ್‌ಹಾನ್ಸ್ ಅವರ ಆಡಳಿತದಲ್ಲಿ, 1853ರಲ್ಲಿ, ಬಾಸೆಲ್ಲಿನಲ್ಲಿ ಮಿಶನರಿ ಮಕ್ಕಳ ಮನೆ ತೆರೆಯಿತು. ಮಕ್ಕಳು ಆರು ವರ್ಷದ ಸುಮಾರಿಗೆ ಅಲ್ಲಿಗೆ ಹೊರಡಬೇಕು. ಹವೆ ಒಗ್ಗುವುದಿಲ್ಲ, ವಿದ್ಯೆಗೆ ಅನುಕೂಲವಿಲ್ಲ ಎಂಬುದು ಕಮಿಟಿ ಕೊಟ್ಟ ಕಾರಣಗಳಲ್ಲಿ ಎರಡು. ಮೂರನೆಯದು ಬಾಯಿಬಿಟ್ಟು ಹೇಳಿದ್ದೇ: ಆಯಾಗಳ ಸೊಂಟದ ಮೇಲೆ ಬೆಳೆದ ಮಕ್ಕಳು ಆಯಾಗಳ ಮಾತು, ಕತೆ, ನಂಬಿಕೆಗಳನ್ನೆಲ್ಲ ಕಲಿಯುತ್ತಾರೆ ಎಂಬ ಭಯ. ಊರಿನವರ ಮಕ್ಕಳನ್ನು ತಮ್ಮ ಬೋರ್ಡಿಂಗಿಗೆ ಸೇರಿಸಿಕೊಂಡವರು ತಮ್ಮ ಮಕ್ಕಳನ್ನು ಊರಿನವರಿಂದ ದೂರ ಕಳಿಸಿದರು. ಇದನ್ನು ಆಷಾಢಭೂತಿತನ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಅದರ ಬೆಲೆ ತೆತ್ತವರೂ ಅವರೇ. ಆದರೆ ಆ ವೈರುಧ್ಯವನ್ನು ನೋಡದ ಹಾಗೆ ಬರೆಯುವುದೂ ಸರಿಯಲ್ಲ.

ಮಕ್ಕಳ ಮನೆ ಬರುವ ಮೊದಲೂ ಇದೇ ಪದ್ಧತಿ. ಗುಂಡರ್ಟ್ ದಂಪತಿಯ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ತಂದೆತಾಯಿ ರಜೆಯ ಮೇಲೆ ಯೂರೋಪಿಗೆ ಹೋದವರು ಹಿಂದಿರುಗುವಾಗ ನಾಲ್ಕು ವರ್ಷದ ಅವಳನ್ನು ಅಲ್ಲೇ ಬಿಟ್ಟು ಬಂದರು. ಅವಳು ಮತ್ತೆ ಮಲಬಾರಿಗೆ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ನಡುವಿನ ವರ್ಷಗಳಲ್ಲಿ ತಾಯಿಮಗಳ ಸಂಬಂಧ ಕಾಗದದ ಮೇಲೆ. ಕಾಗದ ತಲಪಲು ತಿಂಗಳು, ಉತ್ತರ ಬರಲು ಮತ್ತಷ್ಟು ತಿಂಗಳು. ಮಗಳಿಗೆ ಹಲ್ಲುನೋವೆಂದು ತಾಯಿಗೆ ತಿಳಿಯುವ ಹೊತ್ತಿಗೆ ಹೊಸ ಹಲ್ಲೇ ಬಂದಿರುತ್ತದೆ. ಈ ಮರೀ ಮುಂದೆ ಮಿಶನರಿ ಚಾರ್ಲ್ಸ್ ಇಸೆನ್‌ಬರ್ಗ್ ಅವರನ್ನು ಮದುವೆಯಾಗಿ, ವಿಧವೆಯಾಗಿ, ಆಮೇಲೆ ಯೋಹಾನೆಸ್ ಹೆಸ್ಸೆ ಅವರ ಕೈಹಿಡಿದಳು. ಯೋಹಾನೆಸ್ ಕೂಡ 1869ರಿಂದ 1873ರ ತನಕ ನಮ್ಮ ಕರಾವಳಿಯಲ್ಲಿ ಮಿಶನರಿಯಾಗಿದ್ದವರು. ಆರೋಗ್ಯ ಕೆಟ್ಟು ಮರಳಿದರು. ಇವರ ಮಗನೇ ‘ಸಿದ್ಧಾರ್ಥ’ ಬರೆದ ಹೆರ್ಮನ್ ಹೆಸ್ಸೆ. ಆ ಕಾದಂಬರಿಯಲ್ಲಿ ಮನೆ ಬಿಟ್ಟು ಹೊರಡುವ ಮಗನೂ, ತನ್ನ ಮಗನನ್ನು ಕಳೆದುಕೊಳ್ಳುವ ತಂದೆಯೂ ಇರುವುದನ್ನು ಓದುಗರು ಬಲ್ಲರು. ಅದನ್ನು ಇಲ್ಲಿಗೆ ಜೋಡಿಸುವುದು ವಿಮರ್ಶಕರಿಗೆ ಬಿಟ್ಟದ್ದು.

ಈವರೆಗೆ ಹೇಳಿದ್ದು ಬಂದವರ ಸಂಸಾರ. ಸೇರಿದವರ ಸಂಸಾರ ಇದಕ್ಕಿಂತ ಜಟಿಲ.

ತುಳುನಾಡಿನಲ್ಲಿ ಮಿಶನ್ನಿಗೆ ಹೆಚ್ಚಾಗಿ ಸೇರಿದವರು ಬಿಲ್ಲವರು. ಅವರ ಅಳಿಯಸಂತಾನದ ಕಟ್ಟಿನಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಆಸ್ತಿ ಸೋದರಮಾವನಿಂದ ಸೋದರಳಿಯನಿಗೆ. ಒಬ್ಬ ಗಂಡಸು ದೀಕ್ಷಾಸ್ನಾನ ಪಡೆದನೆಂದರೆ ಹೆಂಡತಿಮಕ್ಕಳು ಅವನ ಹಿಂದೆ ಬರಬೇಕೆಂದೇನೂ ಇಲ್ಲ. ಅವರ ಮನೆ ಬೇರೆ, ಯಜಮಾನ ಬೇರೆ. ಮನೆತನಕ್ಕೆ ನಂಬಿದ ಭೂತಗಳಿವೆ, ವರ್ಷಕ್ಕೊಮ್ಮೆ ಕೋಲ ಕೊಡಬೇಕು. ಅದರ ಪಾಲಿನಿಂದ ಒಬ್ಬ ಹಿಂದೆ ಸರಿದರೆ ಇಡೀ ಕುಟುಂಬಕ್ಕೆ ಕೇಡು ಎಂಬ ಭಯ. ಅದರ ಮೇಲೆ ಮಿಶನ್ ಇನ್ನೊಂದು ಷರತ್ತು ಹಾಕಿತು: ಕಳ್ಳು ಇಳಿಸುವ ಕಸುಬು ಬಿಡಬೇಕು. ಹೀಗೆ ಒಂದೇ ದಿನದಲ್ಲಿ ಮನೆ, ಆಸ್ತಿ, ಕಸುಬು ಮೂರೂ ಹೋದವು. 1850ರ 21ನೆಯ ಕಾಯಿದೆ ಮತಾಂತರವಾದರೂ ಪಿತ್ರಾರ್ಜಿತದ ಹಕ್ಕು ಹೋಗದು ಎಂದಿತು, ನಿಜ. ಅಳಿಯಸಂತಾನದ ಕುಟುಂಬದಲ್ಲಿ ಒಬ್ಬನ ಪಾಲು ಇಷ್ಟೆಂದು ಅಳೆದು ಕೊಡುವ ಏರ್ಪಾಟೇ ಇಲ್ಲದಿರುವಾಗ ಕಾಯಿದೆ ಕಾಗದದಲ್ಲೇ ಉಳಿಯಿತು.

ಮಿಶನ್ನಿನ ಉದ್ಯೋಗಶಾಲೆಗಳು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ. 1851ರಲ್ಲಿ ಮಿಶನ್ನಿನ ಹಾಲರ್ ಎಂಬವರು ಬಂದು ನೇಯ್ಗೆಯನ್ನು ಊರ್ಜಿತಗೊಳಿಸಿದರು. 1865ರಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆ. ಮಂಗಳೂರು ಹೆಂಚಿನ ಕೀರ್ತಿಯನ್ನು ನಾವು ಜರ್ಮನರ ಕೌಶಲಕ್ಕೂ ನಮ್ಮ ಜೇಡಿಮಣ್ಣಿಗೂ ಸಲ್ಲಿಸುತ್ತೇವೆ. ಮೂಲಕಾರಣ ಮಾತ್ರ ಮನೆಯಿಂದ ಹೊರಬಿದ್ದವರಿಗೆ ಕೂಲಿ ಬೇಕಾಗಿತ್ತು ಎಂಬುದು. ಕೂಲಿಯ ಜೊತೆಗೆ ವಾಸಕ್ಕೆ ಜಾಗ, ಜಾಗದ ಪಕ್ಕ ಶಾಲೆ, ಅದರಾಚೆ ದೇವಾಲಯ. ಭಾನುವಾರ ಯಾರು ಆರಾಧನೆಗೆ ಬರಲಿಲ್ಲ, ಯಾರು ಕುಡಿದರು, ಯಾರ ಮನೆಯಲ್ಲಿ ಜಗಳವಾಯಿತು ಎಂಬುದು ಸೋಮವಾರ ಕೆಲಸದ ಜಾಗದಲ್ಲೂ ಗೊತ್ತಾಗುತ್ತಿತ್ತು. ಸಭಾಶಿಸ್ತು ಬಿಗಿಯಾಗಿತ್ತು. ಅನ್ನ ಕೊಡುವವನೂ ಬುದ್ಧಿ ಹೇಳುವವನೂ ಒಬ್ಬನೇ ಆದಾಗ ಏನಾಗುತ್ತದೋ ಅದೆಲ್ಲ ಆಯಿತು: ಕೃತಜ್ಞತೆ, ಅವಲಂಬನೆ, ಒಳಗೊಳಗೇ ಅಸಮಾಧಾನ. ಹಳೆಯ ಕುಟುಂಬದ ಯಜಮಾನನ ಗಾದಿಯಲ್ಲಿ ಪಾದ್ರಿ ಕೂತಂತಾಯಿತು. ಆಸ್ತಿ ತಂದೆಯಿಂದ ಮಕ್ಕಳಿಗೆ ಹೋಗಬೇಕೆಂಬ ಸಭೆಯ ನಿಯಮದಿಂದ ಹೆಂಗಸರು ಪಡೆದದ್ದೆಷ್ಟು, ಕಳೆದುಕೊಂಡದ್ದೆಷ್ಟು ಎಂಬುದನ್ನು ನಮ್ಮವರು ಯಾರೂ ಕೂತು ಲೆಕ್ಕ ಹಾಕಿಲ್ಲ. ಓದು ಸಿಕ್ಕಿತು, ಮೈತುಂಬ ಬಟ್ಟೆ ಸಿಕ್ಕಿತು. ತಾಯಿಯ ಮನೆಯಲ್ಲಿ ಇದ್ದ ಹಕ್ಕಿನ ನೆಲೆ ಹೋಯಿತು.

ಮೇಲ್ಜಾತಿಯಿಂದ ಬಂದವರು ಕೆಲವೇ ಜನ, ಗದ್ದಲ ಮಾತ್ರ ದೊಡ್ಡದು. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಇನ್ನಿಬ್ಬರ ಜೊತೆ ದೀಕ್ಷಾಸ್ನಾನ ಪಡೆದಾಗ ಊರೇ ಎದ್ದು ನಿಂತಿತು. ಮೊಗ್ಲಿಂಗ್ ಅವರು ತಮ್ಮ ಹೆರ್ಮನ್ ಎಂಬ ಹೆಸರನ್ನು ಅವರಿಗಿತ್ತರು. ಆನಂದರಾಯರಿಗೆ ಆಗಲೇ ಮದುವೆಯಾಗಿತ್ತು. ಹೆಂಡತಿ ಬಂಧುಗಳ ಬಳಿಯೇ ಉಳಿದರು. 1846ರಲ್ಲಿ ಆನಂದರಾಯರು ಬಾಸೆಲ್ಲಿಗೆ ಹೋಗಿ, ಸೆಮಿನರಿಯಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. 1860ರಲ್ಲಿ ವ್ಯೂರ್ಟೆಂಬರ್ಗಿನ ಮರೀ ರೈನ್‌ಹಾರ್ಟ್ ಅವರನ್ನು ವಿವಾಹವಾದರು. ಎಲ್ಲರೂ ಕ್ರಿಸ್ತನಲ್ಲಿ ಸಹೋದರರೆಂಬ ಬೋಧನೆ ಒಂದು ಜರ್ಮನ್ ಹುಡುಗಿ ಕನ್ನಡನಾಡಿನ ಹುಡುಗನ ಕೈಹಿಡಿಯುವವರೆಗೆ ಬರುತ್ತದೆಯೇ ಎಂಬ ಪರೀಕ್ಷೆ ಅದು. ಬಂತು. ಆದರೆ ಇಂಥ ಮದುವೆ ಮಿಶನ್ನಿನಲ್ಲಿ ರೂಢಿಯಾಗಲಿಲ್ಲ.

ಕೊಡಗಿನ ಕೆಲಸದ ಕತೆಯೂ ಒಂದು ಮನೆಯಿಂದಲೇ ಶುರು. ಹದಿನಾರು ವರ್ಷ ದುಡಿದು ದಣಿದಿದ್ದ ಮೊಗ್ಲಿಂಗ್ 1852ರ ಕೊನೆಗೆ ಊರಿಗೆ ಮರಳುವ ಯೋಚನೆಯಲ್ಲಿದ್ದರು. ಅಷ್ಟರಲ್ಲಿ ಆಲ್ಮಂಡ ಸೋಮಯ್ಯ ಎಂಬ ಕೊಡವ ಅವರನ್ನು ಹುಡುಕಿಕೊಂಡು ಬಂದರು. 1853ರ ಆರಂಭದಲ್ಲಿ ಸೋಮಯ್ಯನವರಿಗೆ ಸ್ತೆಫನ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನವಾಯಿತು. ಮೊಗ್ಲಿಂಗ್ ಯೂರೋಪಿನ ಹಡಗು ಬಿಟ್ಟು ಘಾಟಿ ಹತ್ತಿದರು. ಕೊಡವರಲ್ಲಿ ಒಕ್ಕ ಎಂದರೆ ಒಡೆಯದ ಮನೆ. ಹಿರಿಯರ ಐನ್‌ಮನೆ, ಮೂಲಪುರುಷ ಕಾರೋಣ, ವಂಶಪಾರಂಪರ್ಯದ ಜಮ್ಮದ ಗದ್ದೆ ಎಲ್ಲ ಒಂದೇ ದಾರದಲ್ಲಿ ಪೋಣಿಸಿದವು. ಅಲ್ಲಿಂದ ಒಬ್ಬನನ್ನು ಹೊರಗೆ ತೆಗೆಯುವುದು ತುಳುನಾಡಿಗಿಂತ ಕಷ್ಟ. ಸೋಮಯ್ಯನವರ ದಾರಿಯಲ್ಲಿ ಕೊಡವರು ಸಾಲುಗಟ್ಟಿ ಬರುವರೆಂಬ ನಿರೀಕ್ಷೆ ಹುಸಿಯಾಯಿತು.

ಬಂದವರು ಹೊಲೆಯರು. ಗೌಡರ, ಕೊಡವರ ಗದ್ದೆಗಳಲ್ಲಿ ಜೀತಕ್ಕೆ ಕಟ್ಟುಬಿದ್ದಿದ್ದ ಅವರಿಗೆ ಕಳೆದುಕೊಳ್ಳಲು ಐನ್‌ಮನೆ ಇರಲಿಲ್ಲ. ಬೇಕಾಗಿದ್ದದ್ದು ಕಾಲೂರಲು ಸ್ವಂತ ನೆಲ. ಅಮ್ಮತ್ತಿ-ಸಿದ್ದಾಪುರದ ಕಡೆ ಕಾಡು ಕಡಿದು, ಕಾಫಿ ಹಾಕಿ, 1850ರ ದಶಕದ ಕೊನೆಯ ವರ್ಷಗಳಲ್ಲಿ ಕಟ್ಟಿದ ಹಳ್ಳಿಗೆ ಆನಂದಪುರ ಎಂದು ಹೆಸರಿಟ್ಟರು. ಆ ಹೆಸರು ಆನಂದರಾಯರದು. ಅವರ ಪಿತ್ರಾರ್ಜಿತದ ಹಣ ಆ ನೆಲಕ್ಕೆ ಹೋಯಿತು. ಬ್ರಾಹ್ಮಣ ಮನೆತನದ ಆಸ್ತಿ ಹೊಲೆಯರ ಊರಾದದ್ದು ಹತ್ತೊಂಬತ್ತನೆಯ ಶತಮಾನದ ಕರ್ನಾಟಕದಲ್ಲಿ ಎಲ್ಲೆಲ್ಲೂ ನಡೆದ ಸಂಗತಿಯಲ್ಲ. ಮಿಶನ್ನಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಇದನ್ನು ನಮ್ಮ ಸಾಮಾಜಿಕ ಚರಿತ್ರೆಯ ಪುಸ್ತಕಗಳು ಬಿಟ್ಟದ್ದು ತಪ್ಪು.

ಆನಂದಪುರದ ಮೊದಲ ಮಿಶನ್ ಸಂಸಾರವೂ ಕಮಿಟಿ ಹುಡುಕಿ ಕೂಡಿಸಿದ್ದಾಗಿರಲಿಲ್ಲ. ಮೊಗ್ಲಿಂಗರ ಸೋದರಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ತೊಡಗಿದ್ದವರು, 1855ರಲ್ಲಿ ತೀರಿಕೊಂಡರು. ಅವರ ಹೆಂಡತಿ ಪೌಲಿನೆ ಗಂಡುಮಕ್ಕಳೊಡನೆ ಒಂಟಿಯಾದರು. ನಲವತ್ತು ದಾಟುವವರೆಗೂ ಬ್ರಹ್ಮಚಾರಿಯಾಗಿ, ಬೋರ್ಡಿಂಗಿನ ಹುಡುಗರ ನಡುವೆ ಅವರ ಊಟವನ್ನೇ ಉಂಡು ಬದುಕಿದ್ದ ಮೊಗ್ಲಿಂಗ್ ಅವರು ಪೌಲಿನೆಯವರನ್ನು ಮದುವೆಯಾಗಿ ಆ ಮಕ್ಕಳಿಗೂ ತಂದೆಯಾದರು. ಆದರೆ ಪೌಲಿನೆಯವರ ದೇಹಸ್ಥಿತಿ ಹದಗೆಟ್ಟು, 1860ರಲ್ಲಿ ದಂಪತಿ ಜರ್ಮನಿಗೆ ಹೊರಟರು. ಮೊಗ್ಲಿಂಗ್ ಮತ್ತೆ ಬರಲಿಲ್ಲ. 1881ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಕೊಡಗಿನಲ್ಲಿ ಅವರು ಬಿಟ್ಟ ಕೆಲಸವನ್ನು ಎತ್ತಿಕೊಂಡವರು ಆನಂದರಾಯರು, ಹೆಂಡತಿ ಮರೀ ಅವರ ಜೊತೆಗೂಡಿ.

ಘಟ್ಟದ ಮೇಲಿನ ಬಯಲುಸೀಮೆಯದು ಬೇರೆ ಪಾಠ. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ 1841ರ ಸುಮಾರಿಗೆ ಕ್ರೈಸ್ತ ಒಕ್ಕಲುಗಳ ಊರೊಂದನ್ನು ಕಟ್ಟಹೊರಟರು. ಕಾಲಜ್ಞಾನದ ಮಾತು ನಂಬಿದ್ದ ಕೆಲವು ಪಂಗಡದವರು ಮಿಶನರಿಗಳಲ್ಲಿ ಆಸಕ್ತಿ ತೋರಿದ್ದೇ ಅದಕ್ಕೆ ಪ್ರೇರಣೆ. ಬರುವೆವೆಂದವರು ಬರಲಿಲ್ಲ, ಯೋಜನೆ ಮುಗ್ಗರಿಸಿತು. ಊರು ಮೊದಲು, ಜನ ಆಮೇಲೆ ಎಂದರೆ ಹೀಗಾಗುತ್ತದೆ. ಬೆಟಗೇರಿಯಲ್ಲಿ, 1851ರಲ್ಲಿ ಹಿಡಿದ ಗುಳೇದಗುಡ್ಡದಲ್ಲಿ ನೇಕಾರರ ಮನೆಗಳ ನಡುವೆ ಒಂದೊಂದೇ ಕುಟುಂಬವಾಗಿ ಬೆಳೆದ ಸಭೆಗಳು ಉಳಿದವು.

ಎಂಬತ್ತು ವರ್ಷ ಹೀಗೆ ಕೂಡಿಸಿದ ಸಂಸಾರಗಳನ್ನು 1914ರ ಯುದ್ಧ ಒಂದೆರಡು ವರ್ಷದಲ್ಲಿ ಬಿಡಿಸಿಹಾಕಿತು. ಜರ್ಮನ್ ಪ್ರಜೆಗಳಾಗಿದ್ದ ಮಿಶನರಿ ಗಂಡಸರನ್ನು ಸರ್ಕಾರ ಅಹಮದ್‌ನಗರದ ಬಂದಿಶಿಬಿರಕ್ಕೆ ಒಯ್ದಿತು. 1915-16ರಲ್ಲಿ ಗೋಲ್ಕೊಂಡ ಎಂಬ ಹಡಗಿನಲ್ಲಿ ಜರ್ಮನ್ ಮಿಶನರಿಗಳನ್ನೂ ಹೆಂಗಸರು ಮಕ್ಕಳನ್ನೂ ತವರಿಗೆ ಸಾಗಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಸ್ವಿಸ್ ಸಹಾಯ ಅಷ್ಟಿಷ್ಟು ಮುಂದುವರಿದರೂ ಹಳ್ಳಿಯ ಸಭೆಗಳನ್ನು ಹೊತ್ತವರು ನಮ್ಮ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು. ಸಂಬಳ ಅರೆಬರೆ, ಧಾರಣೆ ದುಬಾರಿ. ಆ ವರ್ಷಗಳಲ್ಲಿ ಠಾಣೆ ಮುಚ್ಚದೆ ಉಳಿದದ್ದು ಹಿತ್ತಲಲ್ಲಿ ತರಕಾರಿ ಬೆಳೆದು, ಹೊಲಿಗೆ ಹಾಕಿ, ಬಂದವರಿಗೆ ಗಂಜಿ ಬಸಿದ ಅವರ ಮನೆಯವರಿಂದ. ಬೋರ್ಡಿಂಗಿನಲ್ಲಿ ಓದಿದ ಆ ಹುಡುಗಿಯರ ಮಕ್ಕಳು ಮೊಮ್ಮಕ್ಕಳು ಮುಂದೆ ನರ್ಸುಗಳಾಗಿ, ಟೀಚರುಗಳಾಗಿ ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳವರೆಗೆ ಹರಡಿದರು.

ಸಂಪಾದಕ ಮಂಡಳಿಯಲ್ಲಿ ಒಂದು ಕೋರಿಕೆ. ಈ ಸಂಚಿಕೆಯ ಕೊನೆಗೆ ಸೇವೆ ಸಲ್ಲಿಸಿದ ಮಿಶನರಿಗಳ, ಸಭಾಪಾಲಕರ ಪಟ್ಟಿ ಅಚ್ಚಾಗುತ್ತಿದೆ. ಕರಡು ನೋಡಿದೆ, ಅದರಲ್ಲಿ ಗಂಡಸರ ಹೆಸರುಗಳಷ್ಟೇ ಇವೆ. ವಿದೇಶಿ ಮಿಶನರಿಗಳ ಹೆಂಡತಿಯರ ಹೆಸರುಗಳು ಬಾಸೆಲ್ಲಿನ ದಫ್ತರದಲ್ಲಿವೆ, ಕಾಗದ ಬರೆದರೆ ತರಿಸಬಹುದು. ನಮ್ಮ ಸಭಾಪಾಲಕರ, ಉಪದೇಶಿಗಳ ಹೆಂಡತಿಯರದು ಆಯಾ ಸಭೆಯ ಮದುವೆ ರಿಜಿಸ್ಟರಿನಲ್ಲಿ ಸಿಗುತ್ತದೆ. ರಿಜಿಸ್ಟರು ಗೆದ್ದಲು ಹಿಡಿದಿರುವ ಕಡೆ ವಯಸ್ಸಾದವರನ್ನು ಕೇಳಬೇಕು, ಅದನ್ನು ಈ ವರ್ಷವೇ ಮಾಡಬೇಕು. ಅಚ್ಚಿಗೆ ಇನ್ನೂ ಎರಡು ತಿಂಗಳಿದೆ.